ತೌಡಪ್ಪನನ್ನು ಕೊಂಡವಳು

ಹೊಸಪೇಟೆಯ ಅಕ್ಕಿ ಮಂಡಿಯಲ್ಲಿ ತೂಕದ ಕೆಲಸಕ್ಕಿದ್ದ ತೌಡಪ್ಪನ ಕೈಗೆ ತೂಕವಿತ್ತು, ಮಾತಿಗೆ ತೂಕವಿತ್ತು, ಹೆಸರಿಗೆ ಮಾತ್ರ ಇರಲಿಲ್ಲ. ಹೊಸದಾಗಿ ಬಂದ ಯಾವ ವ್ಯಾಪಾರಿಯೂ ಒಮ್ಮೆ ತಕ್ಕಡಿಯನ್ನು, ಒಮ್ಮೆ ಅವನನ್ನು ನೋಡಿ, "ಅಲ್ರೀ ತೌಡಪ್ಪಾರ, ಅಕ್ಕಿ ಎಲ್ಲಿ ಬಿಟ್ಟು ಬಂದ್ರಿ?" ಎಂದು ಕೇಳದೆ ಚೀಲ ಇಳಿಸಿದ್ದಿಲ್ಲ. ಈ ಹೆಸರು ಯಾಕಿಟ್ಟಿರಿ ಎಂದು ತಾಯಿ ನೀಲಗಂಗಮ್ಮನನ್ನು ಕೇಳಿದಾಗಲೆಲ್ಲ ಅವಳು "ಇಟ್ಟೀವಿ, ಇಟ್ಕೋ" ಎಂದು ಎದ್ದು ಒಳಗೆ ಹೋಗುತ್ತಿದ್ದಳು. ಹಾಗೆ ಹೋಗುತ್ತ ಹೋಗುತ್ತ ಒಂದು ದಿನ, ಉತ್ತರ ಹೇಳದೆಯೇ, ಲೋಕ ಬಿಟ್ಟು ಹೋದಳು.

ಹೆಸರಿನ ಬೇರು ಅಗೆಯುವ ಪ್ರಸಂಗ ಬಂದದ್ದು ಹೆಂಡತಿ ಚೆನ್ನಬಸಮ್ಮನ ಮೂರನೆಯ ಬಸಿರಿನಲ್ಲಿ. ಅವಳು ಹೆತ್ತ ಎರಡು ಕೂಸುಗಳೂ ತೊಟ್ಟಿಲಿಗೆ ಹಾಕುವ ಮೊದಲೇ ಮಣ್ಣಿಗೆ ಹೋಗಿದ್ದವು. ಈಗ ಮತ್ತೆ ದಿನ ತುಂಬಿತ್ತು. ಬಾಣಂತನಕ್ಕೆಂದು ತೌಡಪ್ಪನ ದೊಡ್ಡವ್ವ ಮುದುಕಮ್ಮ ಕಮಲಾಪುರದಿಂದ ಬಂದಿಳಿದಳು. ಸೊಸೆಯ ಹೊಟ್ಟೆ ಮುಟ್ಟಿ ನೋಡಿ, ತೌಡಪ್ಪನ ಕಡೆ ತಿರುಗಿದಳು.

"ಜಂಬಕ್ಕ ನಿನ್ನ ವಾಪಸ್ ಕೊಟ್ಟಾಳೇನಲೇ?"

"ಯಾವ ಜಂಬಕ್ಕ? ವಾಪಸ್ ಕೊಡಾಕ ನಾನೇನು ಕೊಡಪಾನನ?"

"ನಿನ್ನ ಕೊಂಡಾಕಿ!"

ಆಗ ಹೊರಬಿತ್ತು ವಿಷಯ. ನೀಲಗಂಗಮ್ಮನ ಮೊದಲ ಮೂರು ಮಕ್ಕಳು ಸತ್ತಿದ್ದವು. ನಾಲ್ಕನೆಯದು ಹುಟ್ಟುತ್ತಲೇ ಅದನ್ನು ಮೊರದಲ್ಲಿ ಮಲಗಿಸಿ, ಕಮಲಾಪುರದಲ್ಲಿ ಆಗ ಎದುರು ಮನೆಯಲ್ಲಿದ್ದ ಜಂಬಕ್ಕನಿಗೆ ಮಾರಿದರು. ಜಂಬಕ್ಕನಿಗೆ ಮಕ್ಕಳಿರಲಿಲ್ಲ. ಬೆಲೆ ಒಂದು ಮೊರ ತೌಡು. ತೌಡಿಗೆ ಬಿಕರಿಯಾದ ಕೂಸಿನ ಮೇಲೆ ಸಾವಿಗೂ ಆಸೆ ಹುಟ್ಟಬಾರದಲ್ಲ, ಅದಕ್ಕೆ ಆ ಬೆಲೆ, ಅದಕ್ಕೇ ಆ ಹೆಸರು. ಅಲ್ಲಿಂದಾಚೆ ಹೆತ್ತವಳು ಪರರ ಕೂಸನ್ನು ಸಾಕಿದಂತೆ ಸಾಕಬೇಕು. ಜವಳ ತೆಗೆಸುವ ಮುಂಚೆ ಕೊಂಡವಳು ಅದನ್ನು ಹೆತ್ತವಳ ಉಡಿಗೆ ಹಾಕಿ "ನಿನ್ನ ಕೂಸು ನೀನ ತಗೋ" ಅನ್ನಬೇಕು, ಇವರು ಅವಳಿಗೆ ಸೀರೆ ಉಡಿಸಬೇಕು. ಆದರೆ ಅಷ್ಟರಲ್ಲಿ ಎರಡೂ ಮನೆಗಳ ನಡುವೆ ಬಚ್ಚಲ ನೀರಿನ ಜಗಳ ಹತ್ತಿ, ತೌಡಪ್ಪನ ಅಪ್ಪ ಗಂಟುಮೂಟೆ ಕಟ್ಟಿಕೊಂಡು ಹೊಸಪೇಟೆಗೆ ಬಂದುಬಿಟ್ಟ. ತೌಡನ್ನು ಎಮ್ಮೆ ತಿಂದಿತ್ತು. ಮಗನನ್ನು ಬಿಡಿಸಿಕೊಳ್ಳುವುದು ಮಾತ್ರ ಉಳಿದುಹೋಯಿತು.

"ನೀ ಇನ್ನೂ ಆಕಿ ಮಗ. ನಿನ್ನ ಕೂಸು ಆಕಿ ಮನಿ ಕೂಸು. ಇಲ್ಲಿ ಹುಟ್ಟಿದ್ರ ಹೆಂಗ ನಿಂತಾವು?" ಎಂದಳು ಮುದುಕಮ್ಮ.

ತೌಡಪ್ಪ ನಕ್ಕುಬಿಡುತ್ತಿದ್ದನೋ ಏನೋ. ಗೋಡೆಗೊರಗಿದ್ದ ಚೆನ್ನಬಸಮ್ಮ ನಗಲಿಲ್ಲ. "ಹಂಗಾದ್ರ ನಾ ಯಾರ ಸೊಸಿ?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಊಟದ ಗಂಗಾಳವನ್ನು ಅತ್ತ ಸರಿಸಿದಳು. "ಬಿಡಿಸ್ಕೊಂಡು ಬರ್ರಿ. ಅಲ್ಲೀತನಕ ನಾ ಹಡಿಯಂಗಿಲ್ಲ."

ಹಡೆಯುವುದು ಅವಳ ಕೈಯಲ್ಲಿದ್ದಂತೆ. ಆದರೂ ಅವಳ ಕಣ್ಣು ನೋಡಿದ ಮೇಲೆ ತೌಡಪ್ಪ ಒಂದು ಸೀರೆ ಕೊಂಡು ಜಟಕಾ ಹತ್ತಿದ.

ಜಂಬಕ್ಕ ಗಂಡ ಸತ್ತ ಮೇಲೆ ಆನೆಗೊಂದಿಯ ತಮ್ಮನ ಮನೆ ಸೇರಿದ್ದಳು. ಅದು ಹೊಳೆಯ ಆಚೆ, ನಿಜಾಮನ ಸೀಮೆ. ಕಾಲ ಶ್ರಾವಣ. ತಳವಾರಘಟ್ಟದಲ್ಲಿ ತುಂಗಭದ್ರೆ ಬಂಡೆಗಳನ್ನು ನುಂಗಿ ಕೆಂಪಗೆ ಮೊರೆಯುತ್ತಿತ್ತು. ಅಂಬಿಗ ಎರ್ರಿಯಪ್ಪ ಹರಗೋಲು ಬೋರಲು ಹಾಕಿ, ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಹೊಳಿ ನೋಡಿದ್ರೇನ್ರಿ? ಈಗ ಇಳಿಸಿದ್ರ ಇಬ್ರೂ ತೇಲಿ ಹೋಗಿ ಕೆಳಗ ಕಂಪ್ಲ್ಯಾಗ ಸಿಗ್ತೀವಿ. ಅದೂ ಬ್ಯಾರೆ ಬ್ಯಾರೆ."

"ಮನ್ಯಾಗ ಹೆಂಡ್ತಿಗೆ ದಿನ ತುಂಬ್ಯಾವಪ್ಪ."

"ಹಂಗಿದ್ರ ಈ ದಂಡಿಗೇ ಇರ್ಬೇಕ್ರಿ ನೀವು."

ತೌಡಪ್ಪ ಎಲ್ಲ ಹೇಳಿದ. ಎರ್ರಿಯಪ್ಪ ಬೀಡಿ ಒಗೆದು ಎದ್ದ. "ಮಾರಿದ ಕೂಸೇನ್ರಿ ನೀವು? ನಮ್ಮಣ್ಣನ್ನೂ ಮಾರಿದ್ರು. ಅದನ್ನ ಮೊದಲ ಹೇಳಬಾರ್ದಾ!"

ಹರಗೋಲು ನೀರಿಗೆ ಬಿದ್ದದ್ದೇ ಬುಗುರಿಯಾಯಿತು. ಹುಟ್ಟು ಎರ್ರಿಯಪ್ಪನ ಕೈಯಲ್ಲಿತ್ತು, ಸಾವು ಸುತ್ತಮುತ್ತೆಲ್ಲ ಇತ್ತು.

ಜಂಬಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ತಾಯಿಯದೇ ಆಗಿದ್ದ ಇವನ ಮೂಗು ನೋಡಿಯೇ "ತೌಡಾ" ಎಂದಳು. ತೌಡಪ್ಪ ಬಂದ ಕೆಲಸ ಹೇಳಿ ಸೀರೆಯನ್ನು ಮುಂದಿಟ್ಟ. ಅವಳು ಮುಟ್ಟಲಿಲ್ಲ.

"ಕೊಡಂಗಿಲ್ಲ."

"ಯಾಕ?"

"ಯಾಕಂದ್ರ? ಕೊಂಡೀನಿ! ನಿಮ್ಮವ್ವ ಒಂದಿನ ಎತ್ಕೊಳ್ಳಾಕ ಕೊಡಲಿಲ್ಲ. ಕೊಡದಿದ್ರ ಹೋಗ್ಲಿ, ಮಗ ನನ್ನವ. ಸತ್ರ ಮಣ್ಣು ಕೊಡಾಕ ಒಬ್ಬ ಅದಾನ ಅಂತ ಇಷ್ಟು ವರ್ಷ ಹೊಳಿ ಈಕಡಿ ಕುಂತೀನಿ. ಈಗ ಒಂದು ಸೀರಿ ತಂದು ಅದನ್ನೂ ಕಸ್ಕೊಂಡು ಹೊಕ್ಕಿಯೇನು?"

ಬೇಡಿಕೊಳ್ಳಲು, ಕಾಲು ಹಿಡಿಯಲು, ಬೇಕಾದರೆ ಜಗಳಾಡಲು ತೌಡಪ್ಪ ತಯಾರಾಗಿ ಬಂದಿದ್ದ. ಇದಕ್ಕೆ ತಯಾರಿರಲಿಲ್ಲ. ಅತ್ತ ಹೆಂಡತಿ ಕಾಯುತ್ತಿದ್ದಳು. ಇತ್ತ ಈ ಮುದುಕಿಯ ಹತ್ತಿರ ಇದ್ದ ಒಂದೇ ಆಸ್ತಿ ತಾನು. ಹೊಳೆಯ ಕಡೆಯಿಂದ ಎರ್ರಿಯಪ್ಪ ಕೂಗಿದ: "ಹೊತ್ತು ಮುಣುಗಿದ್ರ ನಾ ಹುಟ್ಟು ಹಾಕಂಗಿಲ್ರೀ!"

ತೌಡಪ್ಪ ಸೀರೆಯನ್ನು ಎತ್ತಿ ಕಂಕುಳಲ್ಲಿಟ್ಟುಕೊಂಡ.

"ಹಂಗಾದ್ರ ಏಳು. ನಿನ್ನ ಸೊಸಿಗೆ ದಿನ ತುಂಬ್ಯಾವು. ನಿನ್ನ ಮನಿ ಕೂಸು, ನೀನ ಬಂದು ಹಿಡ್ಕೋ."

ಜಂಬಕ್ಕನ ಕೈ ಜೋಳದಲ್ಲೇ ನಿಂತಿತು.

"ಹೊಳಿ ಬಂದೈತಿ."

"ಬಂದೈತಿ."

"ಮುಣುಗಿದ್ರ?"

"ಮಣ್ಣು ಕೊಡಾಕ ನಾನೂ ಸಿಗಂಗಿಲ್ಲ. ಅದೊಂದು ಲುಕ್ಸಾನು."

ಅವಳು ಸೆರಗು ಬಿಗಿದುಕೊಂಡು ಎದ್ದಳು. ನಡುಹೊಳೆಯಲ್ಲಿ ಹರಗೋಲು ಬಂಡೆಯೊಂದಕ್ಕೆ ಉಜ್ಜಿಕೊಂಡು ವಾಲಿದಾಗ ಅವಳ ಉಗುರು ತೌಡಪ್ಪನ ಮುಂಗೈಯಲ್ಲಿ ಇಳಿಯಿತು. ದಂಡೆ ಮುಟ್ಟಿದ ಮೇಲೂ ಅವಳು ಕೈ ಬಿಡಲಿಲ್ಲ.

ಮನೆಗೆ ಬಂದಾಗ ದೀಪ ಹಚ್ಚಿದ್ದರು. ಬ್ಯಾನೆ ಶುರುವಾಗಿತ್ತು. ಜಂಬಕ್ಕ ಕಾಲು ತೊಳೆದವಳೇ ಒಳಗೆ ಹೋದಳು. ಮುದುಕಮ್ಮನಿಗೂ ಅವಳಿಗೂ ಬಿಸಿನೀರು ಸಾಲದೆಂದು ಮಾತಿಗೆ ಮಾತು ಹತ್ತಿತು, ಚೆನ್ನಬಸಮ್ಮ ಚೀರಿದಳು, ಆಮೇಲೆ ಎಲ್ಲ ಗಪ್ಪಾಯಿತು. ಆ ಗಪ್ಪಿನೊಳಗಿಂದ ಕೂಸು ಅತ್ತಿತು. ಕಟ್ಟೆಯ ಮೇಲಿದ್ದ ತೌಡಪ್ಪ ಏಳಲಿಲ್ಲ. ಮೊದಲಿನವೆರಡೂ ಹೀಗೆಯೇ ಅತ್ತಿದ್ದವು.

ಜಂಬಕ್ಕ ಹೊರಗೆ ಬಂದಳು. "ಹೆಣ್ಣು."

"ಉಳೀತೈತೇನವ್ವಾ?"

ಹಾಗೆ ಕರೆದದ್ದು ಅವನಿಗೇ ಆಮೇಲೆ ತಿಳಿಯಿತು. ಅವಳಿಗೆ ಆಗಲೇ ತಿಳಿದಿತ್ತು.

"ನಾನೇನು ದೇವ್ರಾ? ಕಟ್ಟಿಗಿ ತೀರ್ಯಾವು, ಒಡಕೊಂಡು ಬಾ ಹೋಗು."

ಮುಂದಿನ ದಿನಗಳಲ್ಲಿ ತೌಡಪ್ಪ ಬೆಳಿಗ್ಗೆ ಎಚ್ಚರವಾದರೂ ಕಣ್ಣು ತೆರೆಯುತ್ತಿರಲಿಲ್ಲ. ಒಳಗಿನಿಂದ ಅಳು ಕೇಳಿದ ಮೇಲೆಯೇ ತೆರೆಯುತ್ತಿದ್ದ. ಮೊದಲನೆಯದು ಹೋದ ದಿನ ದಾಟಿತು, ಎರಡನೆಯದು ಹೋದ ದಿನವೂ ದಾಟಿತು. ಚೆನ್ನಬಸಮ್ಮ ಉಣ್ಣತೊಡಗಿದಳು. ಜಂಬಕ್ಕನನ್ನು "ಅತ್ತಿ" ಎಂದು ಕರೆಯಲು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ತೊಟ್ಟಿಲಿಗೆ ಹಾಕಿದ ದಿನ, ಊರಿಗೆ ಹೊರಟ ಮುದುಕಮ್ಮನಿಗೆ ಸುಮ್ಮನಿರಲಾಗಲಿಲ್ಲ. "ಜಂಬಕ್ಕಾ, ಇನ್ನಾರ ಇವನ್ನ ವಾಪಸ್ ಕೊಡ್ತೀಯೇನ?"

ಜಂಬಕ್ಕ ಕೂಸಿನ ನೆತ್ತಿಗೆ ಎಣ್ಣೆ ಒತ್ತುತ್ತಿದ್ದಳು.

"ಇವಳು ದೊಡ್ಡಾಕಿ ಆಗ್ಲಿ ತಡಿ. ಆಕಿ ಅಪ್ಪನ್ನ ಕೊಡಬೇಕೋ ಬ್ಯಾಡೋ, ಆಕಿನ್ನ ಕೇಳಿ ಹೇಳ್ತೀನಿ."