ಅಧ್ಯಕ್ಷರ ಎಣ್ಣೆಸ್ನಾನ

ಜಯನಗರದ ಮೂರನೇ ಬ್ಲಾಕಿನಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಆದರೂ ಸಂಘಗಳಿಗೆ ಮಾತ್ರ ಕೊರತೆ ಇರಲಿಲ್ಲ. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಅಲ್ಲಿ ಐದು ಸಂಘಗಳಿದ್ದವು. ಐದಕ್ಕೂ ಗುರುಬಸಪ್ಪನವರೇ ಅಧ್ಯಕ್ಷರು. ಅದರಲ್ಲಿ ಬಡಾವಣೆಯ ಹಿತರಕ್ಷಣಾ ಸಂಘ ಪಟ್ಟದ ಆನೆ. ಉಳಿದ ನಾಲ್ಕು ಅದರ ಹಿಂದೆ ಗಂಟೆ ಅಲ್ಲಾಡಿಸಿಕೊಂಡು ಬರುತ್ತಿದ್ದವು.

ಹೊಟ್ಟೆಪಾಡಿಗೆ ಅವರಿಗೊಂದು ಅಂಗಡಿಯಿತ್ತು. ಬಾಗಿಲಿಗೆ ಬೇಕಾದ ಕೀಲು, ಚಿಲಕ, ಅಗುಳಿ, ಬೀಗ ಎಲ್ಲ ಅಲ್ಲಿ ಸಿಗುತ್ತಿತ್ತು. ಬಡಾವಣೆಯ ಮುಕ್ಕಾಲು ಪಾಲು ಬಾಗಿಲುಗಳು ಮುಚ್ಚುತ್ತಿದ್ದುದು ಅವರ ಅಂಗಡಿಯ ಚಿಲಕದಿಂದಲೇ. ಅವರ ಸ್ವಂತ ಮನೆಯ ಬಾಗಿಲು ಮಾತ್ರ ಮುಚ್ಚಿದ್ದನ್ನು ಕಂಡವರಿಲ್ಲ. ಬಚ್ಚಲುಮನೆಯ ಬಾಗಿಲಿಗಂತೂ ಚಿಲಕವೇ ಇರಲಿಲ್ಲ. ಮನೆ ಕಟ್ಟಿಸಿ ನಾಲ್ಕು ವರ್ಷವಾಗಿತ್ತು. "ನಾಳೆ ಅಂಗಡಿಯಿಂದ ತರ್ತೀನಿ" ಎನ್ನುವ ಮಾತಿಗೂ ಅಷ್ಟೇ ವಯಸ್ಸು. ಸ್ನಾನಕ್ಕೆ ಹೋದವರು ಒಳಗಿನಿಂದ ಬಾಗಿಲಿಗೆ ಬಕೀಟು ಒತ್ತಿಟ್ಟುಕೊಂಡು, ಹೊರಗೆ ಹೆಜ್ಜೆ ಸದ್ದಾದಾಗಲೆಲ್ಲ ಕೆಮ್ಮಬೇಕಿತ್ತು. ಆ ಮನೆಯಲ್ಲಿ ಶೀತವಿಲ್ಲದವರೂ ಕೆಮ್ಮುತ್ತಿದ್ದರು.

ಗುರುಬಸಪ್ಪನವರಿಗೆ ಪುರುಸೊತ್ತಿಲ್ಲ ಎಂದರೆ ಅದಕ್ಕೆ ದಾಖಲೆಯಿತ್ತು. ಬೀಗದ ಪೆಟ್ಟಿಗೆಯ ರಟ್ಟಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಬರೆದ ದಿನಚರಿ ನಡುಮನೆಯ ಗೋಡೆಗೆ ನೇತಾಡುತ್ತಿತ್ತು. ಐದೂವರೆಗೆ ಏಳುವುದು. ಏಳಕ್ಕೆ ಸಮಿತಿ. ಒಂಬತ್ತಕ್ಕೆ ನಿಯೋಗ. ಮಧ್ಯಾಹ್ನ ಒಂದು ಹತ್ತಕ್ಕೆ ವಿಶ್ರಾಂತಿ. ಒಂದು ಇಪ್ಪತ್ತಕ್ಕೆ ವಿಶ್ರಾಂತಿ ಮುಕ್ತಾಯ. ಹೆಂಡತಿ ಜಯಶೀಲಾ ಅದರಲ್ಲಿ ತನ್ನ ಹೆಸರನ್ನು ಹುಡುಕಿ ಹುಡುಕಿ, ಕೊನೆಗೆ ರಾತ್ರಿ ಎಂಟೂಮುಕ್ಕಾಲಿನ ಎದುರಿಗೆ "ಮನೆ ವಿಷಯ, ಸಮಯವಿದ್ದರೆ" ಎಂಬ ಸಾಲಿನಲ್ಲಿ ತಾನಿರಬಹುದೆಂದು ಸಮಾಧಾನ ಮಾಡಿಕೊಂಡಿದ್ದಳು.

ಇಂಥ ಬಾಳಿಗೆ ತಲೆ ಮೊದಲು ತಕರಾರು ತೆಗೆಯಿತು. ನೆತ್ತಿ ಸುಡುತ್ತಿತ್ತು, ಕಣ್ಣು ಕೆಂಡವಾಗಿತ್ತು, ಎರಡು ತಿಂಗಳಿಂದ ನಿದ್ದೆ ಹತ್ತಿರ ಸುಳಿದಿರಲಿಲ್ಲ. ಸಿದ್ದಾಪುರದ ಶಂಭುಲಿಂಗಪ್ಪ ಪಂಡಿತರು ನಾಡಿ ಹಿಡಿದು ನೋಡಿ ಕೈ ಬಿಟ್ಟರು.

"ರೋಗ ಏನಿಲ್ಲ ಸಾಹುಕಾರ್ರೆ. ಅಧ್ಯಕ್ಷಗಿರಿ ನೆತ್ತಿಗೇರಿದೆ ಅಷ್ಟೆ. ಶನಿವಾರ ಶನಿವಾರ ಎಣ್ಣೆಸ್ನಾನ ಮಾಡಿ. ಮೆಣಸಿನ ಸಾರು ಅನ್ನ ಉಂಡು ಎರಡು ಗಂಟೆ ಕಂಬಳಿ ಹೊದ್ದು ಮಲಗಿ."

"ಎರಡು ಗಂಟೇನಾ?" ಗುರುಬಸಪ್ಪನವರು ಅಂಗಡಿಯ ಅಭ್ಯಾಸದಂತೆ ಚೌಕಾಸಿಗೆ ಇಳಿದರು. "ಅರ್ಧ ಗಂಟೆಗೆ ಮುಗಿಸ್ಕೊಡಿ. ನಾನು ಬೇಗ ಬೇಗ ನಿದ್ದೆ ಮಾಡ್ತೀನಿ."

"ಮಾಡಿ. ಬೇಗ ಬೇಗ ಕಣ್ಣೂ ಹೋಗತ್ತೆ" ಎಂದರು ಪಂಡಿತರು.

ಮೊದಲ ಶನಿವಾರ ಎಣ್ಣೆ ಬಿಸಿಯಾಗುವಷ್ಟರಲ್ಲಿ ಬೀದಿದೀಪದ ನಿಯೋಗ ಬಂತು. ಎರಡನೇ ಶನಿವಾರ ಯಾರದೋ ಮನೆಯ ಪಾಯ ತೆಗೆಯುವ ಪೂಜೆ. ಅಧ್ಯಕ್ಷರು ಹೋಗದಿದ್ದರೆ ಗುದ್ದಲಿ ನೆಲಕ್ಕೆ ಇಳಿಯುವುದಿಲ್ಲವಲ್ಲ! ಮೂರನೇ ಶನಿವಾರ ಬಂದದ್ದು ಸಂಘದ ವಾರ್ಷಿಕ ಸಭೆಯ ದಿನ. ಬೆಳಿಗ್ಗೆ ಒಂಬತ್ತಕ್ಕೆ ಪ್ರೈಮರಿ ಶಾಲೆಯಲ್ಲಿ ಸಭೆ, ಸಭೆಯಲ್ಲಿ ಅಧ್ಯಕ್ಷರ ಚುನಾವಣೆ. ಈ ಸಲ ಪಕ್ಕದ ಮನೆಯ ನಿವೃತ್ತ ಹೆಡ್‌ಮೇಷ್ಟ್ರು ಸೇತುರಾಮ ನಿಲ್ಲುತ್ತಾರೆಂಬ ಸುದ್ದಿ ಹಬ್ಬಿತ್ತು. ಏಳು ವರ್ಷದ ಗಾದಿ. ಅದು ಹೋದರೆ ಉಳಿದ ನಾಲ್ಕು ಸಂಘಗಳೂ ಗಂಟೆ ಅಲ್ಲಾಡಿಸುತ್ತ ಮೇಷ್ಟ್ರ ಹಿಂದೆಯೇ ಹೋಗುತ್ತವೆ ಎಂಬುದು ಗುರುಬಸಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

"ಸಭೆಗೆ ಈ ಕೆಂಗಣ್ಣು ಹೊತ್ಕೊಂಡು ಹೋದ್ರೆ ಜನ ಕುಡಿದು ಬಂದಿದಾರೆ ಅಂತಾರೆ" ಎಂದಳು ಜಯಶೀಲಾ.

ಆ ಮಾತು ನಾಟಿತು. ಆರೋಗ್ಯಕ್ಕಾಗಿ ಏಳದ ಮನುಷ್ಯ ಮತಕ್ಕಾಗಿ ಎದ್ದರು. ರಟ್ಟಿನ ಮೇಲೆ ಹೊಸ ಸಾಲುಗಳು ಬಿದ್ದವು: ಐದೂಮುಕ್ಕಾಲಿಗೆ ಎಣ್ಣೆ. ಆರೂವರೆಗೆ ಸ್ನಾನ. ಏಳಕ್ಕೆ ಸಾರನ್ನ. ಏಳೂಕಾಲಿನಿಂದ ಎಂಟೂಮುಕ್ಕಾಲಿನವರೆಗೆ ಬೆವರುವುದು. ಒಂಬತ್ತಕ್ಕೆ ಗೆಲ್ಲುವುದು.

ಜಯಶೀಲಾ ಶುಕ್ರವಾರವೇ ಹಂಡೆಯ ನೀರನ್ನೆಲ್ಲ ಚೆಲ್ಲಿ, ಹುಣಸೆಹಣ್ಣು ಹಚ್ಚಿ ಉಜ್ಜಿ, ಮುಖ ಕಾಣುವಷ್ಟು ಬೆಳಗಿಟ್ಟಳು. ಬೆಳಿಗ್ಗೆ ಆರಕ್ಕೆ ನಲ್ಲಿಯಲ್ಲಿ ನೀರು ಬರುತ್ತದೆ, ತುಂಬಿದರಾಯಿತು. ನಾಲ್ಕು ವರ್ಷದಿಂದ ಆರಕ್ಕೆ ಬಂದು ಎಂಟಕ್ಕೆ ನಿಲ್ಲುವ ನೀರು ಅದು.

ಶನಿವಾರ ಐದೂಮುಕ್ಕಾಲಿಗೆ ಹಿತ್ತಲಲ್ಲಿ ಮಣೆ ಬಿತ್ತು. ಜಯಶೀಲಾ ಹರಳೆಣ್ಣೆಯನ್ನು ನೆತ್ತಿಗೆ ಸುರಿದು ಅಂಗೈಯಲ್ಲಿ ತಟ್ಟತೊಡಗಿದಳು. ನಾಲ್ಕು ವರ್ಷದ "ಸಮಯವಿದ್ದರೆ" ಅಷ್ಟೂ ಆ ತಟ್ಟುವಿಕೆಯಲ್ಲಿತ್ತು.

"ನಿಧಾನ ಕಣೆ. ತಲೆ ಅದು, ತಬಲಾ ಅಲ್ಲ."

"ಒಳಗೆ ಖಾಲಿ ಇದ್ದಂಗೆ ಸದ್ದು ಬರ್ತಿದೆ. ನಾನೇನ್ ಮಾಡ್ಲಿ?"

ಅಧ್ಯಕ್ಷರು ಅಂಗುಲಂಗುಲ ಎಣ್ಣೆಯಾದರು. ಹುಬ್ಬಿನಿಂದ ಎಣ್ಣೆ ತೊಟ್ಟಿಕ್ಕಿತು, ಮೀಸೆ ಜೋಲುಬಿತ್ತು. ಆರಾಯಿತು. ಜಯಶೀಲಾ ಹೋಗಿ ನಲ್ಲಿ ತಿರುಗಿಸಿದಳು. ನಲ್ಲಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅದಕ್ಕೂ ಆ ಮನೆಯ ಅಭ್ಯಾಸ ಹತ್ತಿತ್ತೇನೋ. ಆರು ಹತ್ತಾಯಿತು, ಆರೂಕಾಲಾಯಿತು. ಹನಿಯೂ ಇಲ್ಲ.

ಅಷ್ಟರಲ್ಲಿ ಹಿತ್ತಲ ಬೇಲಿಯಾಚೆ ಬೋರಣ್ಣ ಕಾಣಿಸಿಕೊಂಡ. ಬೈರಸಂದ್ರದ ಒಕ್ಕಲಿಗ. ಅವನಪ್ಪ ರಾಗಿ ಬೆಳೆದ ಹೊಲದ ಮೇಲೆ ಈಗ ಈ ಬೀದಿ ಎದ್ದಿತ್ತು. ಆ ಬೀದಿಯ ನೀರಿನ ವಾಲ್ವ್ ತಿರುಗಿಸುವ ಕೆಲಸ ಬೋರಣ್ಣನ ಪಾಲಿಗೆ ಬಂದಿತ್ತು. ಹೆಗಲ ಮೇಲೆ ಕಬ್ಬಿಣದ ಉದ್ದನೆ ಕೀ ಇಟ್ಟುಕೊಂಡು, ಗದೆ ಹೊತ್ತ ಭೀಮನ ಹಾಗೆ ಓಡಾಡುತ್ತಿದ್ದ.

"ಬೋರಣ್ಣ! ನೀರು ಯಾಕಯ್ಯಾ ಬಿಟ್ಟಿಲ್ಲ?"

ಬೋರಣ್ಣ ಬೇಲಿಯಿಂದ ಇಣುಕಿದ. ಎಣ್ಣೆಯಲ್ಲಿ ಮಿಂಚುತ್ತಿದ್ದ ಆಕೃತಿ ಯಾರದೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಅಯ್ಯೋ, ಅಧ್ಯಕ್ಷರಾ! ನಿಮ್ದೇ ಆಡ್ರಲ್ವಾ ಸಾಮಿ? ಈವತ್ತಿಂದ ನೀರು ಅನ್ನೊಂದ್ರಿಂದ ಒಂದು ಗಂಟೆವರ್ಗೆ. ನೀವೇ ನೂರಾ ನಲವತ್ ಸೈನ್ ಆಕ್ಸಿ ತಂದ್ರಲ್ಲ."

ಎಣ್ಣೆಯೊಳಗೂ ಗುರುಬಸಪ್ಪನವರ ಮುಖ ಬಿಳಿಚಿಕೊಂಡಿತು.

ಸಂಗತಿ ಇಷ್ಟೇ. ಏಳಕ್ಕೆ ಕರೆದ ಸಮಿತಿ ಸಭೆಗಳಿಗೆ ಯಾರೂ ಬರುತ್ತಿರಲಿಲ್ಲ. ಕೇಳಿದರೆ "ನೀರು ಹಿಡೀಬೇಕು ಸಾರ್" ಎನ್ನುತ್ತಿದ್ದರು. ಸಭೆಯ ಸಮಯ ಬದಲಿಸುವುದು ಸಣ್ಣವರ ಬುದ್ಧಿ. ಗುರುಬಸಪ್ಪನವರು ನೀರಿನ ಸಮಯವನ್ನೇ ಬದಲಿಸಲು ಹೊರಟರು. ಅರ್ಜಿ ಹಿಡಿದು ಮನೆಮನೆಗೂ ತಾವೇ ಹೋದರು. ಜನ ಓದದೆಯೇ ಸಹಿ ಮಾಡಿದರು. ಅಧ್ಯಕ್ಷರನ್ನು ಜಗುಲಿಯಿಂದ ಎಬ್ಬಿಸಲು ಅದಕ್ಕಿಂತ ಹತ್ತಿರದ ದಾರಿ ಇರಲಿಲ್ಲ. ಅರ್ಜಿ ಮಂಜೂರಾಯಿತು. ಇಂಥ ಶನಿವಾರದಿಂದ ಜಾರಿ ಎಂದು ಅಚ್ಚು ಹಾಕಿಸಿದ ನೋಟೀಸು ನೂರಾ ನಲವತ್ತು ಮನೆಗೂ ಹೋಯಿತು. ನೂರಾ ನಲವತ್ತೊಂದನೆಯದು ಅಧ್ಯಕ್ಷರ ಮನೆ. ಅಲ್ಲಿಗೆ ಯಾಕೆ, ಅವರಿಗೇ ಗೊತ್ತಲ್ಲ! ಅವರಿಗೂ ಗೊತ್ತಿತ್ತು. ಉಳಿದ ನಾಲ್ಕು ಸಂಘದ ಗದ್ದಲದಲ್ಲಿ ಮರೆತುಹೋಗಿತ್ತು, ಅಷ್ಟೆ.

"ಒಂದು ಹಂಡೆಯಷ್ಟು ಬಿಡಪ್ಪ. ಯಾರಿಗೂ ಹೇಳಲ್ಲ."

"ಬಿಟ್ರೆ ಬೀದಿಗೆಲ್ಲಾ ಬತ್ತದೆ ಸಾಮಿ. ಆಮ್ಯಾಕೆ ಸಂಘದಿಂದ ನನ್ ಮ್ಯಾಲೇ ಅರ್ಜಿ ಬರೀತೀರ. ನಿಮ್ ಅರ್ಜಿ ಎಂಗೆ ಪಾಸಾಯ್ತದೆ ಅಂತ ನೋಡಿವ್ನಲ್ಲ" ಎಂದು ಬೋರಣ್ಣ ಗದೆ ಹೊತ್ತು ನಡೆದ.

ಆ ಬೀದಿಯಲ್ಲಿ ಬಾವಿಯಿದ್ದ ಮನೆ ಒಂದೇ. ಅದು ಸೇತುರಾಮ ಮೇಷ್ಟ್ರದು.

"ನಾಲ್ಕು ಕೊಡ ಸೇದ್ಕೊಂಡು ಬರ್ತೀನಿ" ಎಂದು ಜಯಶೀಲಾ ಕೊಡ ಎತ್ತಿಕೊಂಡಳು.

"ಬೇಡ! ಅವರ ಬಾವಿ ನೀರಲ್ಲಿ ತಲೆ ತೊಳ್ಕೊಂಡು, ಅವರೆದುರೇ ಚುನಾವಣೆಗೆ ಹೇಗೆ ನಿಲ್ಲಲಿ?"

"ಹಾಗಾದ್ರೆ ಹೀಗೇ ನಿಲ್ಲಿ. ಹಿಡಿಯೋಕೆ ಬಂದವರ ಕೈಯಿಂದ ಜಾರ್ಕೋಬಹುದು."

"ಒರೆಸ್ಕೊಂಡು ಪೇಟ ಸುತ್ಕೊಂಡು ಹೋದ್ರೆ?"

ಜಯಶೀಲಾ ಅವರ ತಲೆಯತ್ತ ಬೆರಳು ತೋರಿಸಿದಳು. ಎಣ್ಣೆತಲೆಯವನು ಎದುರಿಗೆ ಬಂದರೆ ಅಪಶಕುನ. ಕಂಡವರು ಮನೆಗೆ ತಿರುಗಿ ಹೋಗಿ, ಕೂತು ನೀರು ಕುಡಿದೇ ಮತ್ತೆ ಹೊರಡುವುದು. ಗುರುಬಸಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಶಾಲೆಯ ದಾರಿಯಲ್ಲಿ ಅರವತ್ತು ಸದಸ್ಯರು ಎದುರಾದರೆ ಅರವತ್ತೂ ಜನ ವಾಪಸು. ಕೋರಂ ಇಲ್ಲ. ಹೋಗಲಿ, ಕುಡಿಯಲು ಅವರ ಮನೆಯಲ್ಲಿ ನೀರಾದರೂ ಎಲ್ಲಿಂದ ಬರಬೇಕು?

ಹೀಗೆ ಏಳು ವರ್ಷದಲ್ಲಿ ಮೊದಲ ಸಲ ಅಧ್ಯಕ್ಷರು ಎಲ್ಲಿಗೂ ಹೋಗಲಾರದೆ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತರು. ಶಾಲೆಯ ಗಂಟೆ ಒಂಬತ್ತು ಹೊಡೆಯಿತು. ಅಲ್ಲಿ ಈಗ ಸ್ವಾಗತ ಭಾಷಣ ಎಂದುಕೊಂಡರು. ಈಗ ವರದಿ. ಈಗ ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು. ಈಗ ಚಪ್ಪಾಳೆ. ಗಾದಿ ಹೋಯಿತು. ಐದೂ ಹೋದವು. ನಾಳೆ ಐದೂವರೆಗೆ ಏಳಬೇಕಾಗಿಯೇ ಇಲ್ಲ. ಯಾರೂ ಕರೆಯುವುದಿಲ್ಲ, ಯಾರೂ ಕಾಯುವುದಿಲ್ಲ. ದುಃಖ ಒತ್ತರಿಸಿ ಬರಬೇಕಿತ್ತು. ಆದರೆ ಬೆನ್ನಿಗೆ ಬಿಸಿಲು ಹಿತವಾಗಿತ್ತು, ಕಲ್ಲು ಬೆಚ್ಚಗಿತ್ತು, ಎಣ್ಣೆ ನೆತ್ತಿಗೆ ಇಳಿಯುತ್ತಿತ್ತು. ದುಃಖ ಬರುವ ದಾರಿಯಲ್ಲೇ ನಿದ್ದೆ ಅದನ್ನು ಹಿಂದೆ ಹಾಕಿ ಮೊದಲು ಬಂತು.

ಎಚ್ಚರಿಸಿದ್ದು ಹನ್ನೊಂದರ ನೀರು, ಹಂಡೆಗೆ ಧೋ ಎಂದು ಬೀಳುವ ಸದ್ದು. ಸೀಗೆಪುಡಿ ಕಣ್ಣಿಗೆ ಹೋಯಿತು, ಬೈದುಕೊಂಡರು. ಸಾಂಬ್ರಾಣಿ ಹೊಗೆಗೆ ತಲೆಯೊಡ್ಡಿದರು. ಮೆಣಸಿನ ಸಾರು ಮೂರು ಸಲ ಬಡಿಸಿಕೊಂಡರು. ಕಂಬಳಿ ಹೊದ್ದು ಬಿದ್ದವರು ಮೂರು ಗಂಟೆಯಾದರೂ ಏಳಲಿಲ್ಲ.

ಮೂರೂವರೆಗೆ ಜಗುಲಿಯಲ್ಲಿ ಗದ್ದಲ. ಸೇತುರಾಮ ಮೇಷ್ಟ್ರು ಮುಂದೆ, ಹಿಂದೆ ಸ್ನಾನ ಊಟ ಮುಗಿಸಿ ಬಂದ ಹತ್ತು ಮಂದಿ, ಒಬ್ಬರ ಕೈಯಲ್ಲಿ ಚೆಂಡುಹೂವಿನ ಹಾರ. ಗೆದ್ದವರು ಸೋತವನ ಮನೆಗೆ ಮೆರವಣಿಗೆ ಬಂದಿದ್ದಾರೆ ಎಂದುಕೊಂಡು ಗುರುಬಸಪ್ಪನವರು ಕಂಬಳಿ ಸಮೇತ ಹೊರಗೆ ಬಂದರು.

"ಅಭಿನಂದನೆ ಮೇಷ್ಟ್ರೆ."

"ನನಗ್ಯಾಕೆ? ಅಧ್ಯಕ್ಷರು ನೀವೇ. ಸರ್ವಾನುಮತ!"

"ನೀವು ನಿಲ್ಲಲಿಲ್ವಾ?"

"ನಿಲ್ಲೋಣ ಅಂತಲೇ ಇಸ್ತ್ರಿ ಕೋಟು ಹಾಕ್ಕೊಂಡು ಹೋಗಿದ್ದೆ ಸಾರ್" ಎಂದರು ಮೇಷ್ಟ್ರು, ಪಾಠ ಒಪ್ಪಿಸುವ ಧಾಟಿಯಲ್ಲಿ. "ಸಭೆಗೆ ಅರವತ್ತು ಜನ ಬಂದ್ರು. ಅರವತ್ತೂ ಜನಕ್ಕೆ ಸ್ನಾನ ಆಗಿರಲಿಲ್ಲ. ನೋಟೀಸನ್ನೂ ಯಾರೂ ಓದಿರಲಿಲ್ಲ ನೋಡಿ. ನೀರಿನ ಟೈಮು ಕೆಡಿಸಿದ್ದು ಯಾರು, ಹೊಸ ಅಧ್ಯಕ್ಷ ಉತ್ತರ ಹೇಳ್ಲಿ ಅಂತ ಒಂದೇ ಕೂಗು. ಆಗ ನಾನೇ ಎದ್ದು, ಇಂಥಾ ನಾಯಕರು ಇನ್ನೊಬ್ರು ಸಿಗಲ್ಲ ಅಂತ ನಿಮ್ಮ ಹೆಸರು ಸೂಚಿಸ್ದೆ."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ನೀವು ಇದ್ದಿದ್ರೆ ಬೇಡ ಅಂತಿದ್ರಿ. ಇರಲಿಲ್ಲ, ಅನುಕೂಲ ಆಯ್ತು. ಇಪ್ಪತ್ತೇ ನಿಮಿಷದಲ್ಲಿ ಸಭೆ ಮುಗೀತು."

ಗುರುಬಸಪ್ಪನವರಿಗೆ ಚುಚ್ಚಿದ್ದು ಇದೊಂದೇ. ಅವರು ನಡೆಸಿದ ಯಾವ ಸಭೆಯೂ ಮೂರು ಗಂಟೆ ಹಿಡಿಯದೆ ಮುಗಿದದ್ದಿಲ್ಲ.

"ಬನ್ನಿ, ಹಾರ ಹಾಕ್ಕೊಂಡು ಇಲ್ಲೇ ಕೂತ್ಕೊಳ್ಳಿ. ನೀರಿನ ವಿಷಯ ಈಗಲೇ ತುರ್ತು ಸಭೆ" ಎಂದರು ಮೇಷ್ಟ್ರು.

ಅಭ್ಯಾಸದಂತೆ ಒಂದು ಕಾಲು ಮುಂದೆ ಹೋಯಿತು. ಆಗ ಗುರುಬಸಪ್ಪನವರಿಗೆ ತಮ್ಮ ತಲೆಯ ನೆನಪಾಯಿತು. ಅದು ನೋಯುತ್ತಿರಲಿಲ್ಲ. ಭುಜದ ಮೇಲೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರವಾಗಿತ್ತು. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

"ಪಂಡಿತರು ಎರಡು ಗಂಟೆ ಬೆವರೋಕೆ ಹೇಳಿದಾರೆ. ಇನ್ನೂ ಸ್ವಲ್ಪ ಬಾಕಿ ಇದೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲಿಗೆ ಅಂಥ ಸದ್ದು ಬರುತ್ತದೆಂದು ಬೀದಿಯವರಿಗೆ ತಿಳಿದದ್ದು ಅಂದೇ. ಹಾರವನ್ನು ಜಯಶೀಲಾ ಈಸಿಕೊಂಡು ಹಂಡೆಯ ಕೊರಳಿಗೆ ಹಾಕಿದಳು.

ಸೋಮವಾರ ಅಂಗಡಿಯಿಂದ ಆರಂಗುಲದ ಹಿತ್ತಾಳೆ ಚಿಲಕ ಬಂದು ಬಚ್ಚಲ ಬಾಗಿಲಿಗೆ ಕೂತಿತು. ಮುಂದಿನ ಶನಿವಾರ ಒಂಬತ್ತಕ್ಕೆ ಗುರುಬಸಪ್ಪನವರು ನಿಧಾನವಾಗಿ ಎಣ್ಣೆ ಹಚ್ಚಿಸಿಕೊಂಡು, ಒಳಗೆ ಹೋಗಿ ಚಿಲಕ ಹಾಕಿಕೊಂಡು ಮಣೆಯ ಮೇಲೆ ಕೂತರು. ಹನ್ನೊಂದಕ್ಕೆ ನೀರು. ಎರಡು ಗಂಟೆ ಎಣ್ಣೆ ನೆನೆಯಬೇಕು. ಎಣ್ಣೆತಲೆಯವರನ್ನು ಯಾವ ನಿಯೋಗವೂ ಹೊರಗೆ ಕರೆಯುವಂತಿಲ್ಲ. ಏಳು ವರ್ಷ ಹುಡುಕಿದರೂ ಸಿಗದ ಪುರುಸೊತ್ತನ್ನು ಅವರ ಸ್ವಂತ ತಪ್ಪು ಅವರಿಗೆ ಕೊಡಿಸಿತ್ತು.

ಹೊರಗೆ ಮೇಷ್ಟ್ರು ಬಾಗಿಲು ತಟ್ಟಿದರು. "ಸಾರ್, ಅಧ್ಯಕ್ಷರೇ!"

"ಸಭೆಯಲ್ಲಿದ್ದೀನಿ."

"ಯಾರ ಜೊತೆ?"

"ನನ್ನ ಜೊತೆ."

ಕಾದು ಸಾಕಾದ ನಿಯೋಗ ಜಗುಲಿಯಲ್ಲೇ ಕೂತು ತಾನೇ ಅರ್ಜಿ ಬರೆಯಿತು: ನೀರನ್ನು ಮೊದಲಿನಂತೆ ಬೆಳಿಗ್ಗೆ ಆರರಿಂದ ಎಂಟರವರೆಗೆ ಬಿಡಬೇಕು. ಎಲ್ಲರೂ ಸಹಿ ಹಾಕಿದರು. ಅಧ್ಯಕ್ಷರ ಸಹಿಗೆಂದು ಕಾಗದವನ್ನೂ ಪೆನ್ಸಿಲನ್ನೂ ಬಚ್ಚಲ ಬಾಗಿಲ ಕೆಳಗೆ ತಳ್ಳಿದರು.

ಗುರುಬಸಪ್ಪನವರು ಬೆರಳನ್ನು ಪಂಚೆಗೆ ಒರೆಸಿಕೊಂಡು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಸಂಘದ ಕಾಗದವೊಂದನ್ನು ಅವರು ಪೂರ್ತಿ ಓದಿದ್ದು ಅದೇ ಮೊದಲು. ಚೆನ್ನಾಗಿತ್ತು, ನ್ಯಾಯವಾಗಿತ್ತು. ಆಮೇಲೆ "ಎಂಟರವರೆಗೆ" ಎಂಬಲ್ಲಿ ಒಂದು ಗುರುತು ಹಾಕಿ, ಸಣ್ಣ ಅಕ್ಷರದಲ್ಲಿ "ಶನಿವಾರ ಹೊರತು" ಎಂದು ಸೇರಿಸಿ, ಕೆಳಗೆ ದೊಡ್ಡದಾಗಿ ಸಹಿ ಮಾಡಿ ಹೊರಕ್ಕೆ ತಳ್ಳಿದರು.

ಯಾರೂ ಮತ್ತೊಮ್ಮೆ ಓದಲಿಲ್ಲ. ಅರ್ಜಿ ಮಂಜೂರಾಯಿತು. ಆ ಬೀದಿಗೆ ಶನಿವಾರ ಮಾತ್ರ ನೀರು ಹನ್ನೊಂದಕ್ಕೆ ಯಾಕೆ ಬರುತ್ತದೆಂದು ಕೇಳಿದರೆ, ಬೋರಣ್ಣ ಕಬ್ಬಿಣದ ಕೀಯನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು, "ಆಡ್ರು ಸಾಮಿ" ಎಂದಷ್ಟೇ ಹೇಳುತ್ತಿದ್ದ.