ಪೂಜೆಗಿಟ್ಟ ಸಂಪುಟ

ಇಂಥ ಅನುಭವಗಳನ್ನು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುತ್ತಿದ್ದುದು ಒಂದೇ: ಅವತ್ತು ಸರಿಯಾಗಿ ನಿದ್ದೆಯಾಗಿತ್ತೆ? ನೆನಪು ತನಗೆ ಬೇಕಾದುದನ್ನು ಆಮೇಲೆ ಸೇರಿಸಿಕೊಳ್ಳುತ್ತದೆ ಎಂದು ನಂಬಿದವಳು ನಾನು. ಈಗಲೂ ನಂಬುತ್ತೇನೆ. ದಿನಚರಿ ಬರೆಯುವ ಅಭ್ಯಾಸ ಹತ್ತಿದ್ದೂ ಈ ಅನುಮಾನದಿಂದಲೇ. ಆದ್ದರಿಂದ ಇದನ್ನು ಓದುವಾಗ ನೀವು ನನ್ನನ್ನು ಅನುಮಾನಿಸಿದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಕನ್ನಡ ವಿಮರ್ಶೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಒಂದು ಇಡೀ ಅಧ್ಯಾಯ ಹಳೆಯ ವಿಮರ್ಶಕರೊಬ್ಬರ ಅಭಿಪ್ರಾಯದ ಮೇಲೆ ನಿಂತಿತ್ತು. ಹೆಂಗಸರ ಬೀಸುವ ಪದಗಳಲ್ಲಿ ಕಾವ್ಯವಿಲ್ಲ ಎಂದು ಅವರು ಬರೆದಿದ್ದರು. ಆ ನಿಲುವನ್ನು ಕೊನೆಯವರೆಗೂ ಬಿಡಲಿಲ್ಲ ಎಂಬುದು ನನ್ನ ವಾದ. ದಸರೆಯ ರಜೆ ಮುಗಿದ ಕೂಡಲೇ ಪ್ರಬಂಧ ಒಪ್ಪಿಸಬೇಕಿತ್ತು. ಅಷ್ಟರಲ್ಲಿ, ಯಾರದೋ ಅಡಿಟಿಪ್ಪಣಿಯಲ್ಲಿ, ಅವರು ಇದೇ ವಿಷಯಕ್ಕೆ ಮರಳಿ ಬಂದು ಬರೆದ ಲೇಖನವೊಂದರ ಸುಳಿವು ಸಿಕ್ಕಿತು. ಅದು ಬಂದಿದ್ದು ಎಂದೋ ನಿಂತುಹೋದ ಒಂದು ಸಣ್ಣ ಪತ್ರಿಕೆಯಲ್ಲಿ.

ವಿಶ್ವವಿದ್ಯಾಲಯದ ಗ್ರಂಥಾಲಯದ ಪರಾಮರ್ಶನ ವಿಭಾಗದಲ್ಲಿ ಆ ವರ್ಷದ ಸಂಪುಟದ ಜಾಗ ಖಾಲಿಯಿತ್ತು. ನಮ್ಮೂರು ಶ್ರೀರಂಗಪಟ್ಟಣದಲ್ಲಿ ಕೇಳಿದೆ, ಪಾಂಡವಪುರದಲ್ಲಿ ಕೇಳಿದೆ. ನಾಗಮಂಗಲದಲ್ಲಿ ಗ್ರಂಥಪಾಲಕರು ನಕ್ಕರು. “ಪೊಲೀಸ್ ಪರೀಕ್ಷೆ ಪುಸ್ತಕ ಕೇಳಿ ಮೇಡಮ್, ಎಷ್ಟಾರ ಕೊಡ್ತೀನಿ. ವಿಮರ್ಶೆ ಮಾಡಕ್ಕೆ ನಮ್ಮೋರ್ಗೆ ದಿನಾ ಬರೋ ಪೇಪರ್ರೇ ಸಾಕು.” ಆಮೇಲೆ ಅವರೇ ಕಿಕ್ಕೇರಿಯ ಒಂದು ಮನೆಯ ಗುರುತು ಹೇಳಿದರು. ತೀರಿಕೊಂಡ ಕನ್ನಡ ಮೇಷ್ಟರೊಬ್ಬರು ಆ ಪತ್ರಿಕೆಯನ್ನು ತಪ್ಪದೆ ತರಿಸಿ, ವರ್ಷ ವರ್ಷದ್ದನ್ನೂ ಬೈಂಡ್ ಮಾಡಿಸಿಟ್ಟಿದ್ದರಂತೆ.

ನನ್ನ ಮಾರ್ಗದರ್ಶಕರು ಫೋನಿನಲ್ಲಿ, “ಸಿಕ್ಕರೆ ಓದಿ ಸೇರಿಸಮ್ಮ. ಸಿಗಲಿಲ್ಲ ಅಂದ್ರೆ ‘ಲಭ್ಯವಾಗಲಿಲ್ಲ’ ಅಂತ ಬರೆದು ಒಪ್ಪಿಸಿಬಿಡು” ಎಂದಿದ್ದರು. ಸಿಗದಿರಲಿ ಎಂಬ ಆಸೆ ನನ್ನೊಳಗೆ ಇತ್ತು. ಲೇಖನ ನನ್ನ ವಾದಕ್ಕೆ ವಿರುದ್ಧವಾಗಿದ್ದರೆ ಅಧ್ಯಾಯವನ್ನು ಮೊದಲಿನಿಂದ ಬರೆಯಬೇಕು, ಅವಧಿ ಮೀರುತ್ತದೆ, ಅರ್ಜಿ ಹಾಕಿದ್ದ ಉಪನ್ಯಾಸಕಿಯ ಕೆಲಸ ಕೈತಪ್ಪುತ್ತದೆ.

ಹೋದದ್ದು ಆಯುಧಪೂಜೆಯ ದಿನ. ಕೆ.ಆರ್. ಪೇಟೆಯಿಂದ ಹತ್ತಿದ ಬಸ್ಸಿಗೆ ಬಾಳೆಕಂದು ಕಟ್ಟಿದ್ದರು. ಮನೆಯಲ್ಲಿ ಇದ್ದವರು ಮೇಷ್ಟರ ಮಗಳು ಸುಮಿತ್ರಮ್ಮ, ಅವರೂ ಶಾಲೆಯಲ್ಲಿ ಪಾಠ ಹೇಳುವವರು. ನಾನು ಬಂದ ಕಾರಣ ಕೇಳುವ ಮೊದಲೇ, “ಒಲೆ ಮೇಲೆ ಹೂರಣ ಇದೆ. ಆ ಕೋಣೇಲಿ ಕೂತಿರಿ, ಬಂದೆ” ಎಂದು ಒಳಗೆ ಓಡಿದರು.

ಕೋಣೆಯಲ್ಲಿ ಗೋಡೆಯೊಳಗೆ ಕೂರಿಸಿದ ಮರದ ಬೀರು ಇತ್ತು. ಬಾಗಿಲು ಜೋತು ನೆಲಕ್ಕೆ ತಾಗಿತ್ತು. ಸ್ವಲ್ಪ ಮೇಲಕ್ಕೆ ಎತ್ತಿ ಎಳೆಯಬೇಕಾಯಿತು. ಒಳಗೆ ಕಂದು ಬಟ್ಟೆಯ ಬೆನ್ನಿನ ಸಂಪುಟಗಳು. ನನಗೆ ಬೇಕಾದ ವರ್ಷದ್ದು ಕಣ್ಣಿನ ಮಟ್ಟದಲ್ಲೇ ಇತ್ತು. ನಿಂತುಕೊಂಡೇ ಲೇಖನ ಓದಿದೆ. ಬಲಬದಿಯ ಪುಟದ ಕೆಳಗೆ, ಅಂಚಿನಲ್ಲಿ ಪೆನ್ಸಿಲ್ ಗೆರೆ ಎಳೆದಿದ್ದ ಕಡೆ, ವಿಮರ್ಶಕರು ತಮ್ಮ ಹಳೆಯ ಮಾತನ್ನು ಹಿಂದಕ್ಕೆ ಪಡೆದಿದ್ದರು. ಆ ಪದಗಳನ್ನು ತಾವು ಅಚ್ಚಿನಲ್ಲಿ ಓದಿದ್ದರೇ ಹೊರತು ಬೀಸುವ ಕಲ್ಲಿನ ಸದ್ದಿನ ಜೊತೆ ಹೆಂಗಸರ ಬಾಯಲ್ಲಿ ಕೇಳಿರಲಿಲ್ಲ ಎಂದು ಒಪ್ಪಿಕೊಂಡಿದ್ದರು. ನನ್ನ ಅಧ್ಯಾಯ ಬಿದ್ದುಹೋಗಿತ್ತು. ಮೊಬೈಲಿನಲ್ಲಿ ಚಿತ್ರ ತೆಗೆಯಬೇಕೆಂದು ತೋಚಲಿಲ್ಲ. ತೋಚಿದ್ದರೂ ತೆಗೆಯುತ್ತಿದ್ದೆನೋ ಇಲ್ಲವೋ. ಸಂಪುಟವನ್ನು ಇದ್ದ ಜಾಗದಲ್ಲೇ ಇಟ್ಟು ಕಿಟಕಿಯ ಬಳಿ ಕುಳಿತೆ.

ಸುಮಿತ್ರಮ್ಮ ಕಾಫಿ ತಂದರು. ಬಂದ ಕಾರಣ ಹೇಳಿದೆ. “ಅಯ್ಯೋ, ಪುಸ್ತಕವೆಲ್ಲ ಸರಸ್ವತಿ ಪೂಜೇಲಿವೆಯಲ್ಲ! ನಾಳೆ ವಿಸರ್ಜನೆ ಆಗೋವರೆಗೂ ಯಾರೂ ಓದೋ ಹಾಗಿಲ್ಲ.”

“ತಪ್ಪಾಯಿತು, ಗೊತ್ತಿಲ್ಲದೆ ಬೀರು ತೆಗೆದು ಓದಿಬಿಟ್ಟೆ. ಅವರು ತಮ್ಮ ಮಾತನ್ನೇ ವಾಪಸ್ ತಗೊಂಡಿದ್ದಾರೆ” ಎಂದು ಆ ಕಡೆ ತಿರುಗಿದೆ.

ಬೀರುವಿಗೆ ಬಾಗಿಲೇ ಇರಲಿಲ್ಲ. ಹಲಗೆಗಳು ಬರಿದಾಗಿದ್ದವು. ಗೆದ್ದಲಿಗೆ ಬಳಿದ ಎಣ್ಣೆಯ ವಾಸನೆ ಆಗಷ್ಟೇ ಮೂಗಿಗೆ ಬಡಿಯಿತು.

ಅದೇ ಹೊತ್ತಿಗೆ ಪಕ್ಕದ ಮನೆಯ ಬಡಗಿ ಪುಟ್ಟಾಚಾರ್ರು ತಮ್ಮ ಪೂಜೆಯ ಪುರಿ, ಕಡಲೆ ಕೊಡಲು ಬಂದರು. ಬಾಗಿಲು ಎಲ್ಲಿ ಎಂದು ನಾನೇ ಕೇಳಿದೆ.

“ನಮ್ಮ ಕೊಟ್ಗೇಲವೆ ಕಣವ್ವ. ಗೆದ್ಲು ತಿಂದಿತ್ತು ಅಂತ ಕಳಚ್ಕಂಡೋಗಿ ವಾರಾಯ್ತು. ಇವತ್ತು ಉಳಿ ಪೂಜೇಲದೆ, ನಾನೂ ಮುಟ್ಟಂಗಿಲ್ಲ.” ವಿಷಯ ತಿಳಿದು ನಕ್ಕರು. “ಒಬ್ಬಟ್ಟು ತಿಂದ್ಮೇಲೆ ನಿದ್ದೆ ಒಡೆಯೋರ ನೋಡಿವ್ನಿ. ನೀವು ತಿನ್ನಕ್ ಮುಂಚೇನೆ ಮಲಗ್ಬುಟ್ರಾ?”

“ಸುಮ್ನಿರಿ ಆಚಾರ್ರೆ, ಅವರ ಮುಖ ನೋಡಿ” ಎಂದರು ಸುಮಿತ್ರಮ್ಮ.

ದೇವರ ಕೋಣೆಯ ಹೊಸ್ತಿಲಲ್ಲಿ ನಿಲ್ಲಿಸಿ ತೋರಿಸಿದರು. ಸಂಪುಟಗಳು ಒಂದರ ಮೇಲೊಂದು, ಮೇಲೆ ರೇಷ್ಮೆ ವಸ್ತ್ರ, ವಸ್ತ್ರದ ಮೇಲೆ ಹೂವು. ನಾನು ಓದಿದ ವರ್ಷದ್ದು ನಡುವೆ ಇತ್ತು. ಅದನ್ನು ಎಳೆದರೆ ಮೇಲಿನದೆಲ್ಲ ಕೆಳಗೆ ಬೀಳಬೇಕು. ಒಂದು ದಳವೂ ಕದಲಿರಲಿಲ್ಲ.

ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಪುಸ್ತಕ ಪೂಜೆಯಲ್ಲಿದೆ, ನಾನು ನೋಡಿಲ್ಲ ಎನ್ನುವುದು ಈಗ ಅಕ್ಷರಶಃ ನಿಜ. ‘ಲಭ್ಯವಾಗಲಿಲ್ಲ’ ಎಂದು ಬರೆದರೆ ಯಾರೂ ನನ್ನನ್ನು ಹಿಡಿಯುವಂತಿರಲಿಲ್ಲ. ಸಂಜೆಯಾಗುತ್ತಲೇ ಚೀಲ ಹೆಗಲಿಗೆ ಹಾಕಿಕೊಂಡು ಜಗಲಿಯವರೆಗೆ ಬಂದೆ. ಬಸ್ಸಿನ ಹಾರನ್ನು ಕೇಳಿಸಿತು. ಚೀಲವನ್ನು ಜಗಲಿಯ ಮೇಲೆ ಇಳಿಸಿದೆ. ಓದಿದ್ದು ಭ್ರಮೆಯೇ ಆಗಿದ್ದರೆ ನನ್ನ ಅಧ್ಯಾಯ ಉಳಿದಂತೆ. ಆದರೆ ಅದನ್ನು ತಿಳಿಯಲು ಬೆಳಿಗ್ಗೆಯವರೆಗೆ ಇರಲೇಬೇಕಿತ್ತು. ಸುಮಿತ್ರಮ್ಮನವರ ಮನೆಯಲ್ಲೇ ಉಳಿದೆ. ಆ ರಾತ್ರಿ ದಿನಚರಿ ತೆರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂದು ಹೆದರಿದೆ.

ಬೆಳಿಗ್ಗೆ ಮಂಗಳಾರತಿಯಾಗಿ, ಸುಮಿತ್ರಮ್ಮ ಹೂ ತೆಗೆದು ಸಂಪುಟವನ್ನು ನನ್ನ ಕೈಗಿಟ್ಟರು. ಪುಟ ತಿರುವಿದೆ. ಬಲಬದಿಯ ಪುಟದ ಕೆಳಗೆ ಅದೇ ಮಾತುಗಳು. ಪೆನ್ಸಿಲ್ ಗೆರೆ ಮಾತ್ರ ಇರಲಿಲ್ಲ. ನಾನು ಈಗ ಓದಿದ್ದನ್ನೇ ನಿನ್ನೆ ಓದಿದೆನೆಂದು ಮನಸ್ಸು ಕಟ್ಟಿಕೊಳ್ಳುತ್ತಿದೆ ಎಂದು ಸಮಾಧಾನ ಹೇಳಿಕೊಳ್ಳಬೇಕೆನ್ನುವಷ್ಟರಲ್ಲಿ ಸುಮಿತ್ರಮ್ಮ ಭುಜದ ಮೇಲಿಂದ ಬಗ್ಗಿ ಓದಿ, ಮೆಲ್ಲಗೆ ಕೇಳಿದರು: “ವಾಪಸ್ ತಗೊಂಡಿದ್ದಾರೆ ಅಂತ ನಿನ್ನೇನೇ ಅಂದ್ರಲ್ಲ. ಹೇಗಮ್ಮ?”

ಊರಿಗೆ ಮರಳಿದೆ. ಅಧ್ಯಾಯವನ್ನು ಹೊಸದಾಗಿ ಬರೆದೆ, ಅವಧಿ ಮೀರಿತು, ಆ ಕೆಲಸ ಬೇರೆಯವರಿಗೆ ಹೋಯಿತು. ಹಿಂದೆ ಎಲ್ಲೋ ಆ ಲೇಖನ ಓದಿ ಮರೆತಿದ್ದೆನೆ ಎಂದು ಹಳೆಯ ದಿನಚರಿಗಳನ್ನೆಲ್ಲ ಹುಡುಕಿದೆ. ಇಲ್ಲ. ಪೆನ್ಸಿಲ್ ಗೆರೆ ಇರಲಿಲ್ಲವಲ್ಲ, ಹಾಗಾದರೆ ಅದು ಕನಸೇ ಎಂದು ಕೆಲವೊಮ್ಮೆ ಒಪ್ಪಿಕೊಳ್ಳುತ್ತೇನೆ. ಆಗ ಬೇರೊಂದು ಯೋಚನೆ ಬರುತ್ತದೆ. ಆ ಮಧ್ಯಾಹ್ನ ನಾನು ಏನನ್ನೂ ಓದಿರದಿದ್ದರೆ, ಪುಸ್ತಕ ಪೂಜೆಯಲ್ಲಿದೆ ಎಂದು ಕೇಳಿದ ಕೂಡಲೇ ಸಂತೋಷದಿಂದ ಆ ಬಸ್ಸು ಹತ್ತುತ್ತಿದ್ದೆ. ಇದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.