ರೆಸ್ಯೂಮೆಯಲ್ಲಿ ಅವ್ವನ ಸಾಲು

ಭಾಷಾವಿಜ್ಞಾನದ ಎಂ.ಎ.ಗೆ ಅರ್ಜಿ ಹಾಕುವವರು ಒಂದು ಪುಟದ ರೆಸ್ಯೂಮೆ ಕೊಡಬೇಕಿತ್ತು. ನನ್ನ ಬದುಕು ಅರ್ಧ ಪುಟಕ್ಕೂ ಸಾಲದು ಎಂದುಕೊಂಡೇ ಆ ಭಾನುವಾರ ಕುರುಗೋಡಿನಲ್ಲಿ ಬಸ್ಸು ಹತ್ತಿ, ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ಮೇಡಂ ಮನೆಗೆ ಹೋದೆ. ಬಿ.ಎ.ಯಲ್ಲಿ ನನಗೆ ಪಾಠ ಹೇಳಿದವರು. ಚಹಾ ಕೊಟ್ಟು, ಲ್ಯಾಪ್‌ಟಾಪಿನಲ್ಲಿ ಎರಡು ಮಾದರಿ ತೆರೆದಿಟ್ಟರು. ಒಂದರಲ್ಲಿ ಮಾಡಿದ್ದೆಲ್ಲವನ್ನೂ ವರ್ಷವಾರು ಹೇಳಬೇಕು. ಇನ್ನೊಂದರಲ್ಲಿ ಏನೇನು ಬರುತ್ತದೆ ಎಂಬುದನ್ನಷ್ಟೇ.

“ನಿನಗ ಎರಡನೇದ ಚೊಲೊ ನೋಡವ್ವಾ. ಡಿಗ್ರಿ ಮುಗದ ಮ್ಯಾಲೆ ಮೂರು ವರ್ಷ ಖಾಲಿ ಐತಲ್ಲ, ಅದು ಕಾಣಂಗಿಲ್ಲ,” ಎಂದರು.

ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಸಿಟ್ಟು ಬಂತು. ಖಾಲಿಯಂತೆ.

ಆ ಮೂರು ವರ್ಷ ನಾನು ಸಿರುಗುಪ್ಪ ತಾಲೂಕಿನ ದೇಶನೂರಿನಲ್ಲಿ, ನಮ್ಮ ಮನೆಯಲ್ಲಿ, ಅವ್ವನ ಜೊತೆಗಿದ್ದೆ. ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಕೆಲವು ತಿಂಗಳ ಮೇಲೆ ಮಾತು ಮರಳಿತು, ಆದರೆ ಬಂದದ್ದು ತೆಲುಗು. ಅವಳ ತವರು ಗಡಿಯಾಚೆ. ಮದುವೆಯಾಗಿ ಬಂದ ಮೇಲೆ ಕನ್ನಡವನ್ನೇ ಆಡಿ, ನಮ್ಮನ್ನು ಕನ್ನಡದಲ್ಲೇ ಬೈದು ಬೆಳೆಸಿದವಳು. ಆ ಕನ್ನಡವೆಲ್ಲ ಅಳಿಸಿಹೋಗಿತ್ತು. ನನಗೆ ಬರುತ್ತಿದ್ದದ್ದು ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತೆಲುಗು. ಎಲ್ಲಿ ನೋಯುತ್ತಿದೆ, ಹೇಗೆ ನೋಯುತ್ತಿದೆ ಎಂದು ಕೇಳಲು ಅದು ಸಾಲುತ್ತಿರಲಿಲ್ಲ. ಹಾಗಾಗಿ ಅವಳ ಪಕ್ಕ ಕೂತು ಕಲಿತೆ. ನಾನು ತಪ್ಪಿದರೆ ಸೊಟ್ಟ ಬಾಯಲ್ಲೇ ನಗುತ್ತಿದ್ದಳು. ಆ ನಗು ನೋಡಲೆಂದೇ ಬೇಕೆಂದು ತಪ್ಪು ಮಾತಾಡಿದ್ದೂ ಉಂಟು.

ಒಮ್ಮೆ ಗಂಜಿ ಕುಡಿಸಿ ಬಾಯಿ ಒರೆಸುವಾಗ “ನುವ್ವು ತಿನ್ನಾವಾ?” ಎಂದಳು. ನೀನು ಉಂಡೆಯಾ ಎಂದು. ಎಷ್ಟೋ ದಿನದ ಮೇಲೆ ನನ್ನನ್ನು ಯಾರಾದರೂ ಹಾಗೆ ಕೇಳಿದ್ದು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಸಿಟ್ಟು ನುಂಗಿಕೊಂಡು ಮೇಡಂ ಹೇಳಿದ ಮಾದರಿಯಲ್ಲೇ ತುಂಬಿದೆ. ಭಾಷೆಗಳು ಎಂಬಲ್ಲಿ ತೆಲುಗನ್ನೂ ಸೇರಿಸಿದೆ.

“ಅದನ್ಯಾಕ ಬರೀತಿ? ಬಳ್ಳಾರಿಯಾಗ ತೆಲುಗು ಬರಲಾರದವ್ರು ಯಾರದಾರ?” ಎಂದು ಮೇಡಂ ನಕ್ಕು ಅದನ್ನು ಅಳಿಸಿದರು. ಅಲ್ಲಿಗೆ ಆ ಪುಟದಲ್ಲಿ ಅವ್ವ ಎಲ್ಲೂ ಉಳಿಯಲಿಲ್ಲ.

“ನನಗ ಮೊದಲನೇದ ಬೇಕ್ರಿ ಮೇಡಂ, ವರ್ಷವಾರು ಇರೋದು,” ಎಂದೆ.

“ಸೀಟು ತಪ್ಪೀತವ್ವಾ.”

“ತಪ್ಪಲಿ ಬಿಡ್ರಿ.”

ಮೇಡಂ ನನ್ನ ಮುಖ ನೋಡಿ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿದರು. ಆಗ ನಾನು ಕುರುಗೋಡಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೆ. ಆ ಕೆಲಸದ ಸಾಲನ್ನು ಮೊದಲು ಬರೆದು, ಅದನ್ನೇ ನಕಲು ಮಾಡಿ ಕೆಳಗೆ ಅಂಟಿಸಿ, ಶಾಲೆಯ ಹೆಸರಿದ್ದ ಕಡೆ ‘ತಾಯಿಯ ಆರೈಕೆ, ದೇಶನೂರು’ ಎಂದು ಹಾಕಿದೆ. ಶುರುವಾದ ವರ್ಷವನ್ನೂ ತಿದ್ದಿದೆ. ಗೆದ್ದವಳಂತೆ ಮೇಡಂಗೆ ತೋರಿಸಿದೆ.

ಓದಿ ಆ ಸಾಲಿನ ಕೊನೆಗೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ, “ಇಲ್ಲೂ ಟಿಲ್ ಡೇಟ್ ಅಂತ ಉಳದೈತಿ ನೋಡವ್ವಾ,” ಎಂದರು.

ಶಾಲೆಯ ಸಾಲಿನಿಂದ ಬಂದದ್ದು. ಇವತ್ತಿನವರೆಗೂ ಎಂದು. ಕರ್ಸರನ್ನು ಅಲ್ಲಿಗೆ ತಂದು ಬಹಳ ಹೊತ್ತು ಕೂತೆ. ಚಹಾ ಆರಿತ್ತು. ಆಮೇಲೆ ಒಂದೊಂದೇ ಅಕ್ಷರ ಅಳಿಸಿ, ಅವ್ವ ತೀರಿಕೊಂಡ ತಿಂಗಳನ್ನು ಬರೆದೆ.